ಬಸ್ ತಂಗುದಾಣ ಪಾಲಿಕೆಯದು, ಬಸ್ಸು ಸಾರಿಗೆ ಸಂಸ್ಥೆಯದು. ನಡುವಿನ ಇನ್ನೂರು ಹೆಜ್ಜೆ ಯಾರದು?

ಹೊಸಹಳ್ಳಿ ನಿವಾಸಿ (ಚರ್ಚೆ ಆರಂಭಿಸಿದವರು)

ಬೆಂಗಳೂರಿನ ‘ನಮ್ಮ ಮೆಟ್ರೋ’ ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್ 16ರಂದು ಒಪ್ಪಿಗೆ ನೀಡಿತು. ಜೆ.ಪಿ. ನಗರ ನಾಲ್ಕನೇ ಹಂತದಿಂದ ಪಶ್ಚಿಮದ ಹೊರವರ್ತುಲ ರಸ್ತೆಯ ಗುಂಟ ಕೆಂಪಾಪುರದವರೆಗೆ ಒಂದು ಮಾರ್ಗ, ಹೊಸಹಳ್ಳಿಯಿಂದ ಮಾಗಡಿ ರಸ್ತೆಯ ಮೇಲೆ ಕಡಬಗೆರೆಯವರೆಗೆ ಇನ್ನೊಂದು ಮಾರ್ಗ; ಎರಡೂ ಸೇರಿ 44.65 ಕಿ.ಮೀ. ಮಾರ್ಗ ಸರಿಯಾಗಿದೆಯೇ, ಖರ್ಚು ಹೆಚ್ಚಾಯಿತೇ ಎಂಬ ಪ್ರಶ್ನೆಗಳನ್ನು ನಾನಿಲ್ಲಿ ಎತ್ತುತ್ತಿಲ್ಲ. ರೈಲಿನಿಂದ ಇಳಿದು, ಮೆಟ್ಟಿಲಿಳಿದು ರಸ್ತೆಗೆ ಬಂದ ಪ್ರಯಾಣಿಕರು ಬಸ್ಸು ಹತ್ತುವವರೆಗೆ ನಡೆಯಬೇಕಾದ ಆ ಇನ್ನೂರು ಮುನ್ನೂರು ಹೆಜ್ಜೆಗಳನ್ನು ಯೋಜಿಸುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಯಾವುದು ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡೋಣ. ನಗರದ ಬಸ್ಸು ಓಡಿಸುವ ಬಿಎಂಟಿಸಿ ರಾಜ್ಯ ಸರ್ಕಾರದ ನಿಗಮ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಯಿತು. ಮೆಟ್ರೋ ನಿಗಮವು ಕೇಂದ್ರ ಮತ್ತು ರಾಜ್ಯಗಳ ಜಂಟಿ ಕಂಪನಿ. ರಸ್ತೆ, ಪಾದಚಾರಿ ಮಾರ್ಗ, ಚರಂಡಿ, ಬೀದಿದೀಪಗಳು ಪಾಲಿಕೆಗೆ ಸೇರಿದವು. ಬಹುಪಾಲು ಬಸ್ ತಂಗುದಾಣಗಳನ್ನು ಕಟ್ಟಿಸುತ್ತ ಬಂದಿರುವುದೂ ಪಾಲಿಕೆಯೇ, ಅದೂ ಜಾಹೀರಾತು ಗುತ್ತಿಗೆಯ ಮೂಲಕ. ವಾಹನ ಎಲ್ಲಿ ನಿಲ್ಲಬಹುದು, ಎಲ್ಲಿ ತಿರುಗಬಹುದು ಎಂದು ತೀರ್ಮಾನಿಸುವವರು ಸಂಚಾರ ಪೊಲೀಸರು. ಹೀಗಾಗಿ ಬಸ್ಸು ಓಡಿಸುವ ಸಂಸ್ಥೆಗೆ ತನ್ನ ಪ್ರಯಾಣಿಕರು ನಿಲ್ಲುವ ಜಾಗದ ಮೇಲೆ ಅಧಿಕಾರವಿಲ್ಲ. ರಸ್ತೆ ಕಟ್ಟುವ ಪಾಲಿಕೆಗೆ ಆ ರಸ್ತೆಯಲ್ಲಿ ಗಂಟೆಗೆ ಎಷ್ಟು ಬಸ್ಸು ಬರಬೇಕೆಂದು ಹೇಳುವ ಅಧಿಕಾರವಿಲ್ಲ.

ನಾನು ನಿತ್ಯ ಬಳಸುವ ಒಂದು ನಿಲ್ದಾಣದಲ್ಲಿ ಮೆಟ್ಟಿಲಿನ ಬುಡ ಒಂದು ಕಡೆ, ತಂಗುದಾಣ ಇನ್ನೊಂದು ಕಡೆ, ಬಸ್ಸು ನಿಜವಾಗಿ ನಿಲ್ಲುವುದು ಮತ್ತೊಂದು ಕಡೆ. ಮಳೆ ಬಂದರೆ ತಂಗುದಾಣದ ಸೂರಿನಡಿ ನಿಂತವರಿಗೆ ಬಸ್ಸು ತಪ್ಪುತ್ತದೆ, ಬಸ್ಸಿಗಾಗಿ ನಿಂತವರು ನೆನೆಯುತ್ತಾರೆ. ಅದು ಯಾವ ನಿಲ್ದಾಣ, ಯಾರ ಲೋಪ ಎಂದು ಹೆಸರಿಸುವುದು ನನ್ನ ಉದ್ದೇಶವಲ್ಲ, ಏಕೆಂದರೆ ಮೂರೂ ಕಡೆಯವರು ತಮ್ಮ ಪಾಲಿನ ಕೆಲಸವನ್ನು ತಮ್ಮ ನಕ್ಷೆಯ ಪ್ರಕಾರ ಸರಿಯಾಗಿಯೇ ಮಾಡಿದ್ದಾರೆ. ಮೂರು ನಕ್ಷೆಗಳನ್ನು ಯಾರೂ ಒಂದರ ಮೇಲೊಂದು ಇಟ್ಟು ನೋಡಲಿಲ್ಲ, ಅಷ್ಟೆ.

ಕೂಡಿ ಕೆಲಸ ಮಾಡುವುದು ನಮ್ಮವರಿಗೆ ಬಾರದ ವಿದ್ಯೆಯೇನಲ್ಲ. 2023ರ ಮಾರ್ಚ್ 25ರಂದು ಕೆ.ಆರ್. ಪುರ–ವೈಟ್‌ಫೀಲ್ಡ್ ಮಾರ್ಗ ಆರಂಭವಾದಾಗ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ಸುಮಾರು ಎರಡು ಕಿ.ಮೀ. ಕೊಂಡಿ ಸಿದ್ಧವಿರಲಿಲ್ಲ. ಅದೇ ವರ್ಷದ ಅಕ್ಟೋಬರ್ 9ರವರೆಗೆ ಆ ಅಂತರವನ್ನು ಬಿಎಂಟಿಸಿಯ ಫೀಡರ್ ಬಸ್ಸುಗಳು (ಮೆಟ್ರೋ ನಿಲ್ದಾಣಕ್ಕೆ ಸಂಪರ್ಕ ಕೊಡುವ ಬಸ್ಸುಗಳು) ತುಂಬಿದವು. ಒತ್ತಡ ಬಂದಾಗ ಎರಡು ಸಂಸ್ಥೆಗಳು ಕೈಜೋಡಿಸಬಲ್ಲವು ಎಂದಾದರೆ, ಒತ್ತಡ ಬರುವುದಕ್ಕೆ ಮೊದಲೇ, ಟೆಂಡರ್ ಕರೆಯುವ ಮುನ್ನವೇ ಅದು ಏಕೆ ಸಾಧ್ಯವಾಗಬಾರದು?

ನನ್ನ ಸಲಹೆ ಇಷ್ಟು: ಮೂರನೇ ಹಂತದ ಪ್ರತಿ ನಿಲ್ದಾಣಕ್ಕೂ ಸುತ್ತ ಐನೂರು ಮೀಟರ್‌ವರೆಗಿನ ಒಂದೇ ನಕ್ಷೆ ಇರಲಿ, ಅದಕ್ಕೆ ಮೆಟ್ರೋ, ಬಸ್ಸು, ಪಾಲಿಕೆ, ಸಂಚಾರ ಪೊಲೀಸ್ ನಾಲ್ವರೂ ಸಹಿ ಹಾಕಲಿ, ಆ ನಂತರವೇ ಕಾಮಗಾರಿ ಆದೇಶ ಹೊರಡಲಿ. ಬಲ್ಲವರು ಇದನ್ನು ತಿದ್ದಬೇಕೆಂದು ಕೋರುತ್ತೇನೆ.

ನಿವೃತ್ತ ಚಾಲಕ

ಇಪ್ಪತ್ತೆಂಟು ವರ್ಷ ನಗರದ ಬಸ್ಸು ಓಡಿಸಿದವನು ನಾನು. ಚಾಲಕರು ತಂಗುದಾಣದ ಮುಂದೆ ನಿಲ್ಲಿಸುವುದಿಲ್ಲ ಎಂಬ ದೂರನ್ನು ಅಷ್ಟೂ ವರ್ಷ ಕೇಳಿದ್ದೇನೆ. ದೂರು ಸುಳ್ಳಲ್ಲ. ಅದರ ಕಾರಣವನ್ನು ಮಾತ್ರ ಯಾರೂ ನಮ್ಮನ್ನು ಕೇಳಲಿಲ್ಲ.

ಒಂದು ದೊಡ್ಡ ಬಸ್ಸಿನ ಉದ್ದ ಸುಮಾರು ಹನ್ನೆರಡು ಮೀಟರ್. ಅದು ರಸ್ತೆಯ ಅಂಚಿಗೆ ಸಮನಾಗಿ ಬಂದು ನಿಲ್ಲಬೇಕಾದರೆ ಒಳಗೆ ಸರಿಯಲು ಮುಂಚೆ ಒಂದಷ್ಟು ಜಾಗ ಬೇಕು, ಹೊರಗೆ ಬರಲು ಮುಂದೆ ಒಂದಷ್ಟು ಜಾಗ ಬೇಕು. ರಸ್ತೆಯಂಚನ್ನು ಕತ್ತರಿಸಿ ಮಾಡಿದ ಗಿಡ್ಡ ಬಸ್ ಬೇಗೆ ನುಗ್ಗಿದರೆ ಮುಂಬಾಗಿಲು ಮಾತ್ರ ಅಂಚಿಗೆ ಸಿಗುತ್ತದೆ, ಹಿಂಭಾಗ ಮುಖ್ಯರಸ್ತೆಯಲ್ಲೇ ಉಳಿಯುತ್ತದೆ. ಅಲ್ಲಿ ಎರಡು ಆಟೋ ನಿಂತಿದ್ದರಂತೂ ಮುಗಿಯಿತು. ಹೇಗೋ ಒಳಗೆ ಹೋದರೂ ಹೊರಬರಲು ಹಿಂದಿನಿಂದ ಬರುವ ಕಾರಿನವರು ದಾರಿ ಬಿಡಬೇಕು. ಸಂಜೆ ಹೊತ್ತಿನಲ್ಲಿ ಯಾರೂ ಬಿಡುವುದಿಲ್ಲ. ಆದ್ದರಿಂದ ಚಾಲಕ ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸುತ್ತಾನೆ, ಪ್ರಯಾಣಿಕರು ಓಡಿ ಬರುತ್ತಾರೆ. ಬಸ್ಸು ನಿತ್ಯ ಓಡಿಸುವವನನ್ನು ಒಂದು ದಿನ ಜಾಗಕ್ಕೆ ಕರೆದುಕೊಂಡು ಹೋಗಿದ್ದರೆ ಇವನ್ನೆಲ್ಲ ಹತ್ತು ನಿಮಿಷದಲ್ಲಿ ಹೇಳುತ್ತಿದ್ದ.

ಇನ್ನೊಂದು ಸಂಗತಿ. ರಸ್ತೆ ಅಗೆಯುವ ವಿಷಯ ಡಿಪೊಗೆ ಮುಂಚೆ ತಿಳಿಯುವುದು ಅಪರೂಪ. ನಮ್ಮ ಷೆಡ್ಯೂಲ್‌ನಲ್ಲಿ ಪ್ರತಿ ಟ್ರಿಪ್‌ಗೂ ರನ್ನಿಂಗ್ ಟೈಮ್ ನಿಗದಿಯಾಗಿರುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ರಸ್ತೆ ಮುಚ್ಚಿರುತ್ತದೆ, ಸುತ್ತುಬಳಸಿ ಹೋಗುವಷ್ಟರಲ್ಲಿ ಅರ್ಧ ಗಂಟೆ ತಡವಾಗುತ್ತದೆ, ಕೊನೆಗೆ ರಾತ್ರಿಯ ಒಂದು ಟ್ರಿಪ್ ಕಟ್ ಆಗುತ್ತದೆ. ಆ ಕೊನೆಯ ಬಸ್ಸಿಗೆ ಕಾದು ನಿಂತವರಿಗೆ ಕಾಮಗಾರಿಯ ವಿಷಯ ಗೊತ್ತಿರುವುದಿಲ್ಲ. ಅವರು ಬೈಯುವುದು ಮರುದಿನ ಬಂದ ಕಂಡಕ್ಟರನ್ನು.

ರಸ್ತೆ ಎಂಜಿನಿಯರ್

ಹೊಸಹಳ್ಳಿಯವರ ಸಲಹೆಯನ್ನು ಗೌರವದಿಂದಲೇ ಪ್ರಶ್ನಿಸುತ್ತೇನೆ. ನಕ್ಷೆಗೆ ನಾಲ್ಕು ಸಹಿ ಬಿದ್ದ ಮಾತ್ರಕ್ಕೆ ಪಾದಚಾರಿ ಮಾರ್ಗ ಮೂಡುವುದಿಲ್ಲ. ನಾನು ಕೆಲಸ ಮಾಡಿದ ಯೋಜನೆಗಳಲ್ಲಿ ಎಲ್ಲರೂ ಒಪ್ಪಿದ ನಕ್ಷೆಗಳೇ ಕಡತದಲ್ಲಿ ಉಳಿದದ್ದನ್ನು ಕಂಡಿದ್ದೇನೆ. ಕಾರಣ ಸರಳ: ಅಂದಾಜುಪಟ್ಟಿಯಲ್ಲಿ ಅದಕ್ಕೆ ಒಂದು ಸಾಲು ಇರಲಿಲ್ಲ. ನಿಲ್ದಾಣ ಕಟ್ಟುವ ಗುತ್ತಿಗೆದಾರನ ಕೆಲಸ ಮೆಟ್ಟಿಲ ಬುಡಕ್ಕೆ ಮುಗಿಯುತ್ತದೆ. ಕಾಮಗಾರಿಯಿಂದ ಕೆಟ್ಟ ರಸ್ತೆಯನ್ನು ಮೊದಲಿದ್ದ ಸ್ಥಿತಿಗೆ ತರುವುದು ಆತನ ಹೊಣೆ. ಆದರೆ ಮೊದಲಿದ್ದ ಸ್ಥಿತಿ ಎಂದರೆ ಮೆಟ್ರೋ ಇಲ್ಲದ ಕಾಲದ ಸ್ಥಿತಿ. ದಿನಕ್ಕೆ ಸಾವಿರಾರು ಜನ ಇಳಿಯುವ ಜಾಗದಲ್ಲಿ ಹಳೆಯ ಅಗಲದ ಕಾಲುದಾರಿಯನ್ನೇ ಮತ್ತೆ ಹಾಕಿಕೊಟ್ಟರೆ ಒಪ್ಪಂದ ಪಾಲಿಸಿದಂತಾಗುತ್ತದೆ, ಜನರಿಗೆ ಮಾತ್ರ ನಡೆಯಲಾಗುವುದಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು. ಮೆಟ್ಟಿಲು, ಲಿಫ್ಟ್, ಟ್ರಾನ್ಸ್‌ಫಾರ್ಮರ್ ಇವೆಲ್ಲ ಆ ಅಗಲದೊಳಗೇ ಬಂದು ಕೂತರೆ ಉಳಿಯುವುದೇನು?

ಹೊರವರ್ತುಲ ರಸ್ತೆಯ ಬಸ್ ಆದ್ಯತಾ ಪಥವನ್ನು ನೆನಪಿಸಿಕೊಳ್ಳಿ. 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ದಿಕ್ಕಿಗೆ ಆರಂಭವಾದ ಆ ಪ್ರಯೋಗದಲ್ಲಿ ಪಾಲಿಕೆ ಪಥವನ್ನು ಬೇರ್ಪಡಿಸುವ ಬೊಲ್ಲಾರ್ಡ್‌ಗಳನ್ನು (ಗಿಡ್ಡ ಕಂಬಗಳನ್ನು) ನೆಟ್ಟಿತು, ಬಿಎಂಟಿಸಿ ಬಸ್ಸು ಓಡಿಸಿತು, ಸಂಚಾರ ಪೊಲೀಸರು ಕಾರುಗಳನ್ನು ತಡೆದರು, ನಗರ ಭೂಸಾರಿಗೆ ನಿರ್ದೇಶನಾಲಯ ಇವರನ್ನೆಲ್ಲ ಜೊತೆಗೂಡಿಸಿತು. ನಮ್ಮ ನಗರದಲ್ಲಿ ಮೂರು ನಾಲ್ಕು ಸಂಸ್ಥೆಗಳು ಒಂದೇ ರಸ್ತೆಯಲ್ಲಿ ಒಂದೇ ಗುರಿಗಾಗಿ ದುಡಿದ ಒಳ್ಳೆಯ ಉದಾಹರಣೆ ಅದು. ಆಮೇಲೆ ಕೋವಿಡ್ ಬಂತು, ಬಸ್ಸು ಖಾಲಿಯಾಯಿತು, ಮುರಿದ ಬೊಲ್ಲಾರ್ಡ್‌ಗಳ ಜಾಗಕ್ಕೆ ಹೊಸವು ಬರಲಿಲ್ಲ, ಮೆಟ್ರೋ ಕಾಮಗಾರಿಗೆ ರಸ್ತೆಯ ಅಗಲ ಹೋಯಿತು. ಆರಂಭಿಸಲು ಎಲ್ಲರೂ ಇದ್ದರು. ನಡೆಸಿಕೊಂಡು ಹೋಗಲು ಪ್ರತಿ ವರ್ಷದ ಹಣ ಮತ್ತು ಒಬ್ಬ ಹೊಣೆಗಾರ ಬೇಕಿತ್ತು. ಹಾಗಾಗಿ ನಿಮ್ಮ ನಕ್ಷೆಯ ಜೊತೆಗೆ ಒಂದು ಅಂದಾಜುಪಟ್ಟಿಯನ್ನೂ, ಮುಂದಿನ ನಿರ್ವಹಣೆಗೆ ಬಜೆಟ್‌ನಲ್ಲಿ ಒಂದು ಲೆಕ್ಕಶೀರ್ಷಿಕೆಯನ್ನೂ ಸೇರಿಸಿ ಎಂಬುದು ನನ್ನ ತಿದ್ದುಪಡಿ.

ಯಶವಂತಪುರದ ವಿದ್ಯಾರ್ಥಿ

ನಮ್ಮಲ್ಲಿ ರೈಲು ನಿಲ್ದಾಣ, ಮೆಟ್ರೋ ನಿಲ್ದಾಣ, ಬಿಎಂಟಿಸಿಯ ಟಿಟಿಎಂಸಿ (ದೊಡ್ಡ ಬಸ್ ನಿಲ್ದಾಣ) ಮೂರೂ ಹತ್ತಿರ ಹತ್ತಿರವೇ ಇವೆ, ಆದರೂ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮೂರು ಬೇರೆ ಊರುಗಳಿಗೆ ಹೋದಂತೆ ಅನಿಸುತ್ತದೆ. ಇಷ್ಟೆಲ್ಲ ಸಹಿಗಳ ಬದಲು ಬಸ್ಸು, ಮೆಟ್ರೋ, ರಸ್ತೆ ಎಲ್ಲವನ್ನೂ ಒಂದೇ ಪ್ರಾಧಿಕಾರದ ಕೈಗೆ ಕೊಡುವುದು ಸುಲಭವಲ್ಲವೇ?

ಹುಬ್ಬಳ್ಳಿಯ ಪ್ರಯಾಣಿಕ

ಒಂದೇ ಸಂಸ್ಥೆಯ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನ ಅನುಭವವನ್ನು ಹೇಳುತ್ತೇನೆ. ಹುಬ್ಬಳ್ಳಿ–ಧಾರವಾಡ ತ್ವರಿತ ಬಸ್ ಸಾರಿಗೆ ವ್ಯವಸ್ಥೆಗಾಗಿ (ಬಿಆರ್‌ಟಿಎಸ್) ಪ್ರತ್ಯೇಕ ಕಂಪನಿಯನ್ನೇ ರಚಿಸಲಾಯಿತು. ಸುಮಾರು 22 ಕಿ.ಮೀ. ಉದ್ದದ ರಸ್ತೆ, ನಡುವೆ ಬಸ್ಸಿಗೇ ಮೀಸಲಾದ ಪಥ, ನಿಲ್ದಾಣದ ಬಳಿ ಒಂದು ಬಸ್ಸನ್ನು ಇನ್ನೊಂದು ದಾಟಿಹೋಗಲು ಜಾಗ, ಮೊದಲೇ ಟಿಕೆಟ್ ಪಡೆದು ಒಳಬರುವ ವ್ಯವಸ್ಥೆ ಇವೆಲ್ಲವನ್ನೂ ಒಂದೇ ಕಡೆ ಕೂತು ಯೋಚಿಸಿದ್ದು ಎದ್ದು ಕಾಣುತ್ತದೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಬಸ್ಸು ಓಡತೊಡಗಿದವು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ವಾಯವ್ಯ ಸಾರಿಗೆ ಸಂಸ್ಥೆಯವರೇ ಓಡಿಸುವ ಆ ಬಸ್ಸುಗಳಿಗೆ ಚಿಗರಿ, ಅಂದರೆ ಜಿಂಕೆ, ಎಂದು ಹೆಸರು. ಹೆಸರಿಗೆ ತಕ್ಕಂತೆ ಅವು ಓಡಿದ್ದನ್ನು ನಾವು ಕಂಡಿದ್ದೇವೆ, ಅದರ ಬಗ್ಗೆ ನನಗೆ ಈಗಲೂ ಅಭಿಮಾನವಿದೆ.

ಆದರೆ ಆ ಪಥದ ಆಚೆಗಿನ ಊರು ಹಾಗೆಯೇ ಉಳಿಯಿತು. ಬಡಾವಣೆಯಿಂದ ಪಥದವರೆಗೆ ಬರುವ ರಸ್ತೆ, ಅಲ್ಲಿಯ ಚರಂಡಿ, ಅಡ್ಡರಸ್ತೆಯ ಸಿಗ್ನಲ್‌ಗಳು ಬೇರೆಯವರ ಸುಪರ್ದಿಯಲ್ಲಿದ್ದವು. ಧಾರವಾಡದ ಟೋಲ್ ನಾಕಾದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುವ ವಿಷಯ ಇಲ್ಲಿಯವರಿಗೆಲ್ಲ ಗೊತ್ತು. ಪಕ್ಕದ ಪಥದಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುವಾಗ ನಡುವಿನ ಪಥ ಖಾಲಿ ಕಾಣುತ್ತದೆಂದು, ಅದನ್ನು ಎಲ್ಲ ವಾಹನಗಳಿಗೂ ಬಿಡಬೇಕೆಂಬ ಬೇಡಿಕೆ ಜನಪ್ರತಿನಿಧಿಗಳಿಂದಲೇ ಬಂತು. ಖಾಲಿ ಕಾಣುವ ಆ ಪಥದಲ್ಲಿ ಕೆಲವೇ ನಿಮಿಷಗಳಿಗೊಮ್ಮೆ ಹೋಗುವ ಬಸ್ಸಿನಲ್ಲಿ ಎಷ್ಟು ಜನರಿದ್ದಾರೆ ಎಂದು ಸಾರ್ವಜನಿಕರ ಮುಂದೆ ಲೆಕ್ಕ ಇಡುವ ಕೆಲಸ ಯಾರದೆಂದು ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲವೋ ಏನೋ. ಕಟ್ಟುವವರೆಗೆ ಎಲ್ಲರೂ ಒಂದಾಗಿದ್ದರು. ಎಂಜಿನಿಯರ್ ಅವರು ಬೊಲ್ಲಾರ್ಡ್ ವಿಷಯದಲ್ಲಿ ಹೇಳಿದ್ದೇ ನಮ್ಮಲ್ಲೂ ಬೇರೆ ರೂಪದಲ್ಲಿ ಆಯಿತು.

ಸಿಯಾಟಲ್‌ನಿಂದ, ಮೂಲ ದಾವಣಗೆರೆ

ನಾನಿರುವ ನಗರದಲ್ಲಿಯೂ ಬಸ್ಸು ನಗರಸಭೆಯದಲ್ಲ. ರಸ್ತೆ ಸಿಯಾಟಲ್ ನಗರದ್ದು, ಬಸ್ಸು ಕಿಂಗ್ ಕೌಂಟಿಯ (ಸಿಯಾಟಲ್ ಇರುವ ಜಿಲ್ಲೆಯಂಥ ಆಡಳಿತ ಘಟಕ) ಮೆಟ್ರೋ ಎಂಬ ಬಸ್ ಸಂಸ್ಥೆಯದು, ಲಘು ರೈಲು ಸೌಂಡ್ ಟ್ರಾನ್ಸಿಟ್ ಎಂಬ ಮತ್ತೊಂದು ಸಂಸ್ಥೆಯದು. ಅಂದರೆ ಹಂಚಿಹೋದ ಅಧಿಕಾರ ಬೆಂಗಳೂರಿಗಷ್ಟೇ ಬಂದ ಕಷ್ಟವಲ್ಲ. ಇಲ್ಲಿ ಮೂರನ್ನೂ ಒಂದುಮಾಡಲಿಲ್ಲ. ಯಾರು ಯಾರಿಗೆ ಯಾವ ಕೆಲಸಕ್ಕೆ ಹಣ ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಇಟ್ಟರು.

2014ರ ಏಪ್ರಿಲ್‌ನಲ್ಲಿ ಬಸ್ಸಿಗಾಗಿ ಹೆಚ್ಚಿನ ತೆರಿಗೆ ಕೇಳಿದ ಪ್ರಸ್ತಾವನೆಯನ್ನು ಇಡೀ ಕೌಂಟಿಯ ಮತದಾರರು ತಿರಸ್ಕರಿಸಿದರು. ಅದೇ ನವೆಂಬರ್‌ನಲ್ಲಿ ಸಿಯಾಟಲ್ ನಗರದ ಮತದಾರರು ಮಾತ್ರ ತಮ್ಮ ನಗರದ ಮಟ್ಟಿಗೆ ಮಾರಾಟ ತೆರಿಗೆಯಲ್ಲಿ ಶೇ 0.1ರಷ್ಟನ್ನೂ ವರ್ಷಕ್ಕೆ 60 ಡಾಲರ್ ವಾಹನ ಶುಲ್ಕವನ್ನೂ ಒಪ್ಪಿಕೊಂಡರು. ಆ ಹಣದಿಂದ ನಗರವು ಕೌಂಟಿಯ ಸಾರಿಗೆ ಸಂಸ್ಥೆಯಿಂದ ಹೆಚ್ಚುವರಿ ಗಂಟೆಗಳ ಬಸ್ ಸೇವೆಯನ್ನು ಕೊಂಡುಕೊಂಡಿತು. ಹಣ ಕೊಟ್ಟ ನಗರಕ್ಕೆ ಯಾವ ಮಾರ್ಗದಲ್ಲಿ ಬಸ್ಸು ಹೆಚ್ಚಬೇಕೆಂದು ಕೇಳುವ ಹಕ್ಕು ಬಂತು. ಮ್ಯಾಡಿಸನ್ ಬೀದಿಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರ‍್ಯಾಪಿಡ್‌ರೈಡ್ ಜಿ ಮಾರ್ಗವನ್ನು ನಗರ ಕಟ್ಟಿತು, ಕೌಂಟಿ ಓಡಿಸುತ್ತಿದೆ. ಇಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುವುದರಿಂದ, ರಸ್ತೆಯ ನಡುವೆ ನಿಲ್ದಾಣ ಮಾಡುವುದಾದರೆ ಎಡಗಡೆಯೂ ಬಾಗಿಲಿರುವ ಬಸ್ಸು ಬೇಕು. ರಸ್ತೆಯ ವಿನ್ಯಾಸ ಮತ್ತು ಬಸ್ಸಿನ ಖರೀದಿ ಎರಡೂ ಒಟ್ಟಿಗೆ ನಿರ್ಧಾರವಾಗದಿದ್ದರೆ ಅದು ಆಗುತ್ತಲೇ ಇರಲಿಲ್ಲ.

ಇದನ್ನು ಹಾಗೆಯೇ ಬೆಂಗಳೂರಿಗೆ ತರಲಾಗದು, ಇಲ್ಲಿನ ನಗರಗಳಿಗಿರುವ ತೆರಿಗೆ ಅಧಿಕಾರ ನಮ್ಮ ಪಾಲಿಕೆಗಳಿಗಿಲ್ಲ. ಒಂದನ್ನು ಮಾತ್ರ ತರಬಹುದು ಎಂದುಕೊಂಡಿದ್ದೇನೆ. ಇಲ್ಲಿ ಒರ್ಕಾ ಎಂಬ ಕಾರ್ಡ್ 2009ರಿಂದ ಇದೆ. ಅದರಲ್ಲಿ ಬಸ್ಸಿನಿಂದ ರೈಲಿಗೆ ಎರಡು ಗಂಟೆಯೊಳಗೆ ಬದಲಾಯಿಸಿದರೆ ಮೊದಲು ಕೊಟ್ಟ ದರ ಎರಡನೆಯದರಲ್ಲಿ ವಜಾ ಆಗುತ್ತದೆ. ಹಣವನ್ನು ಸಂಸ್ಥೆಗಳು ತಮ್ಮೊಳಗೆ ಹಂಚಿಕೊಳ್ಳುತ್ತವೆ.

ಪೀಣ್ಯದ ಉದ್ಯೋಗಿ

ದರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಮಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಮೆಟ್ರೋದಲ್ಲಿ 2025ರ ಫೆಬ್ರುವರಿಯಿಂದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಮುಕ್ಕಾಲು ಗಂಟೆ ಹೆಚ್ಚಾದರೂ ಬಸ್ಸಿನಲ್ಲೇ ಹೋಗುತ್ತಾರೆ. ಫೀಡರ್ ಬಸ್ಸಿಗೆ ಎಷ್ಟು ಜನ ಬರುತ್ತಾರೆಂದು ಎಣಿಸುವವರು ಇದನ್ನೂ ಗಮನಿಸಬೇಕು. ನಮ್ಮಂಥವರು ಮೆಟ್ರೋ ಹತ್ತದಿರುವುದು ಬಸ್ಸಿಲ್ಲ ಎಂಬ ಕಾರಣಕ್ಕಷ್ಟೇ ಅಲ್ಲ.

ರಾತ್ರಿ ಎಂಟೂವರೆಯ ಮೇಲೆ ನಿಲ್ದಾಣದ ಮೆಟ್ಟಿಲಿನಿಂದ ಬಸ್ಸಿನವರೆಗಿನ ದಾರಿಯಲ್ಲಿ ದೀಪ ಇರುವುದು ನಕ್ಷೆಯಲ್ಲಿ ಕಾಣಬೇಕು. ಮೇಲ್ಸೇತುವೆಯ ಕೆಳಗೆ ಬೀದಿದೀಪದ ಬೆಳಕು ಬೀಳುವುದಿಲ್ಲ. ಆ ಕತ್ತಲೆಯ ಐವತ್ತು ಹೆಜ್ಜೆಗಾಗಿ ಆಟೋಗೆ ಐವತ್ತು ರೂಪಾಯಿ ಕೊಟ್ಟ ದಿನಗಳಿವೆ.

ಹೊಸಹಳ್ಳಿ ನಿವಾಸಿ

ಎಲ್ಲರಿಗೂ ವಂದನೆಗಳು. ದೀಪದ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ, ನಾಚಿಕೆಯಾಯಿತು. ಎಂಜಿನಿಯರ್ ಅವರ ತಿದ್ದುಪಡಿಯನ್ನು ಪೂರ್ತಿ ಒಪ್ಪುತ್ತೇನೆ.

ಯಶವಂತಪುರದವರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಪ್ರಾಧಿಕಾರ ಇಲ್ಲವೆಂದೇನೂ ಅಲ್ಲ. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ 2007ರಲ್ಲಿಯೇ ಸರ್ಕಾರಿ ಆದೇಶದ ಮೂಲಕ ಹುಟ್ಟಿತು. ಶಾಸನದ ಬಲವಿಲ್ಲದೆ ಅದರ ಮಾತು ನಡೆಯಲಿಲ್ಲವೆಂದು 2022ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ಇನ್ನೊಂದೆಡೆ, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳೂ ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಬಂದವು. ಎರಡೂ ಪ್ರಾಧಿಕಾರಗಳಿಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಅಂದರೆ ಮೇಲಿನ ಹಂತದಲ್ಲಿ ಸಮನ್ವಯಕ್ಕೆ ಬೇಕಾದ ಕುರ್ಚಿ ಈಗಾಗಲೇ ಒಂದೇ ಇದೆ. ಕೊರತೆ ಇರುವುದು ಕೆಳಗೆ: ಪಾಲಿಕೆಯ ಕಾರ್ಯಪಾಲಕ ಎಂಜಿನಿಯರ್, ಬಸ್ ಡಿಪೊದ ವ್ಯವಸ್ಥಾಪಕರು, ಸಂಚಾರ ಠಾಣೆಯ ಇನ್‌ಸ್ಪೆಕ್ಟರ್, ಮೆಟ್ರೋ ಕಾಮಗಾರಿಯ ಎಂಜಿನಿಯರ್ ಈ ನಾಲ್ವರು ತಿಂಗಳಿಗೊಮ್ಮೆಯಾದರೂ ಒಂದೇ ರಸ್ತೆಯಲ್ಲಿ ನಿಂತು ಮಾತನಾಡುವ ಕಟ್ಟುಪಾಡು ಎಲ್ಲಿಯೂ ಇಲ್ಲ. ನಿವೃತ್ತ ಚಾಲಕರು ಹೇಳಿದ ಬಸ್ ಬೇ ಆಗಲಿ, ಪೀಣ್ಯದವರು ಹೇಳಿದ ದೀಪವಾಗಲಿ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಭೆಯ ಮುಂದೆ ಬರುವ ವಿಷಯವಲ್ಲ, ಬರಲೂ ಬಾರದು. ಈಗ ಪಾಲಿಕೆಗಳು ಐದಾಗಿರುವುದರಿಂದ ವರ್ತುಲ ರಸ್ತೆಯ ಒಂದೇ ಬಸ್ಸು ಒಂದಕ್ಕಿಂತ ಹೆಚ್ಚು ಪಾಲಿಕೆಗಳನ್ನು ದಾಟುತ್ತದೆ. ಆದ್ದರಿಂದ ಈ ಕೆಳಹಂತದ ಮಾತುಕತೆ ಇನ್ನಷ್ಟು ಅಗತ್ಯವಾಗಿದೆ.

ದರದ ವಿಷಯದಲ್ಲಿ ಸಿಯಾಟಲ್‌ನವರು ಹೇಳಿದ್ದು ಬಹಳ ಮುಖ್ಯ. ನಮ್ಮಲ್ಲಿ ಬಸ್ ದರವನ್ನು ರಾಜ್ಯ ಸರ್ಕಾರ ನಿರ್ಧರಿಸುತ್ತದೆ, ಮೆಟ್ರೋ ದರವನ್ನು ಮೆಟ್ರೋ ಕಾಯ್ದೆಯಡಿ ರಚನೆಯಾಗುವ ದರ ನಿಗದಿ ಸಮಿತಿ ನಿರ್ಧರಿಸುತ್ತದೆ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು, ಮರುತಿಂಗಳೇ ಮೆಟ್ರೋ ದರ ಏರಿತು. ಎರಡನ್ನೂ ಬಳಸುವವರ ತಿಂಗಳ ಖರ್ಚು ಎಷ್ಟಾಗುತ್ತದೆಂದು ಕೂಡಿಸಿ ನೋಡುವ ಹೊಣೆ ಎರಡೂ ಕಡೆಯವರಿಗೆ ಇರಲಿಲ್ಲ. ಬಸ್ಸು, ಮೆಟ್ರೋ, ಮತ್ತೆ ಬಸ್ಸು ಹತ್ತುವ ಗಂಡಸು ಆರಂಭದ ದರವನ್ನು ಮೂರು ಬಾರಿ ಕೊಡುತ್ತಾನೆ. ಆತ ಸ್ಕೂಟರ್ ಕೊಂಡರೆ ನಾವು ಆತನನ್ನು ದೂರುವಂತಿಲ್ಲ.

ರಸ್ತೆ ಎಂಜಿನಿಯರ್

ನಾಲ್ವರು ಜಾಗದಲ್ಲಿ ನಿಲ್ಲಬೇಕೆಂಬುದು ನನಗೆ ಹಿಡಿಸಿತು. ಒಂದು ಎಚ್ಚರಿಕೆ: ಮೂರನೇ ಹಂತದಲ್ಲಿ ಮೆಟ್ರೋ ಕಂಬಗಳ ಮೇಲೆಯೇ ವಾಹನಗಳ ಮೇಲ್ಸೇತುವೆಯನ್ನೂ ತರುವ ಆಲೋಚನೆ ಇದೆ. ರಾಗಿಗುಡ್ಡ–ಸಿಲ್ಕ್ ಬೋರ್ಡ್ ನಡುವೆ 2024ರ ಜುಲೈನಲ್ಲಿ ಒಂದು ಬದಿ ತೆರೆದ ಡಬಲ್ ಡೆಕರ್ ಸೇತುವೆಯೇ ಅದಕ್ಕೆ ಮಾದರಿ. ಅಂಥ ಕಡೆ ಇಳಿಜಾರು ನೆಲಕ್ಕೆ ತಾಗುವ ಜಾಗವೂ ಬಸ್ಸು ನಿಲ್ಲುವ ಜಾಗವೂ ಒಂದೇ ಆಗಿಬಿಡುವ ಅಪಾಯವಿದೆ. ಕಂಬ ನಿಂತ ಮೇಲೆ ಅದನ್ನು ಸರಿಪಡಿಸಲಾಗುವುದಿಲ್ಲ.

ನಿವೃತ್ತ ಚಾಲಕ

ಫೀಡರ್ ಬಸ್ಸಿನ ಸಮಯದ ಬಗ್ಗೆ ಒಂದು ಮಾತು ಉಳಿದಿತ್ತು. ಐದು ನಿಮಿಷಕ್ಕೊಂದು ರೈಲು ಬರುವ ಕಡೆ ಬಸ್ಸು ಯಾವಾಗ ಹೊರಟರೂ ನಡೆಯುತ್ತದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದಾಗ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದು ಬರುತ್ತಿತ್ತು. ಅಂಥ ಕಡೆ ಬಸ್ಸು ರೈಲಿಗಿಂತ ಎರಡು ನಿಮಿಷ ಮುಂಚೆ ಹೊರಟರೆ ಖಾಲಿ ಹೋಗುತ್ತದೆ, ಐದು ನಿಮಿಷ ತಡೆದು ಹೊರಟರೆ ತುಂಬಿ ಹೋಗುತ್ತದೆ. ಖಾಲಿ ಹೋದ ಬಸ್ಸನ್ನು ಆದಾಯವಿಲ್ಲವೆಂದು ತಿಂಗಳೊಪ್ಪತ್ತಿನಲ್ಲಿ ನಿಲ್ಲಿಸಲಾಗುತ್ತದೆ. ರೈಲಿನ ವೇಳಾಪಟ್ಟಿ ಬದಲಾದ ದಿನವೇ ಡಿಪೊಗೆ ಒಂದು ಪ್ರತಿ ಬಂದರೆ ಷೆಡ್ಯೂಲ್ ಬರೆಯುವವರು ಉಳಿದದ್ದನ್ನು ಮಾಡುತ್ತಾರೆ. ಅದಕ್ಕೆ ಹಣವೂ ಬೇಡ, ಕಾಯ್ದೆಯೂ ಬೇಡ.

ಹೊಸಹಳ್ಳಿಯವರೇ, ಮಾಗಡಿ ರಸ್ತೆಯಲ್ಲಿ ನೀವು ನಡೆದು ನೋಡುವುದಾದರೆ ನಾನೂ ಬರುತ್ತೇನೆ. ಒಂದು ಅಳತೆಪಟ್ಟಿ ತನ್ನಿ. ಸುಂಕದಕಟ್ಟೆಯ ಕಡೆಯಿಂದ ಆರಂಭಿಸೋಣ. ಸಂಜೆ ಆರರ ಮೇಲೆ ಹೋದರೆ ಎಷ್ಟು ಬಸ್ಸು ಒಟ್ಟಿಗೆ ಬಂದು ನಿಲ್ಲುತ್ತವೆ ಎಂಬುದು ಗೊತ್ತಾಗುತ್ತದೆ, ಅಷ್ಟು ಉದ್ದದ ಜಾಗವನ್ನು ನಕ್ಷೆಯಲ್ಲಿ ಕೇಳಬಹುದು.

ಹೊಸಹಳ್ಳಿ ನಿವಾಸಿ

ಬರುವ ಶನಿವಾರ ಸಂಜೆ ಐದೂಮುಕ್ಕಾಲಿಗೆ ಸುಂಕದಕಟ್ಟೆ ಬಸ್ ನಿಲ್ದಾಣದ ಬಳಿ ಇರುತ್ತೇನೆ. ಪೀಣ್ಯದವರು ಹೇಳಿದ ದೀಪಗಳನ್ನು ನೋಡಲು ಎಂಟೂವರೆಯವರೆಗೂ ಅಲ್ಲೇ ಉಳಿಯೋಣ. ಅಳತೆಗಳನ್ನೂ ಅಂದಾಜು ವೆಚ್ಚವನ್ನೂ ಒಂದು ಹಾಳೆಯಲ್ಲಿ ಬರೆದು ನಾಲ್ಕೂ ಕಚೇರಿಗಳಿಗೆ ಒಂದೇ ದಿನ ಕೊಡುತ್ತೇನೆ. ವೆಚ್ಚದ ಭಾಗವನ್ನು ಎಂಜಿನಿಯರ್ ಅವರು ತಿದ್ದಿಕೊಡಬೇಕೆಂದು ವಿನಂತಿ.